ಅಲ್ಬೇನಿಯದ ಕೃಷಿ ನೀತಿ ಮತ್ತು ಭೂಸುಧಾರಣೆ

ಬಾಲ್ಕನ್ ಪರ್ಯಾಯದ್ವೀಪದ ಪಶ್ಚಿಮ ಅಂಚಿನಲ್ಲಿರುವ ಅಲ್ಬೇನಿಯ 28,748 ಚದರ ಕಿಮೀ ವಿಸ್ತೀರ್ಣದ ಪುಟ್ಟ ದೇಶ. ಬಹುಪಾಲು ಗುಡ್ಡಬೆಟ್ಟ. ಸಾಗುವಳಿಗೆ ಒದಗುವ ನೆಲ ಸುಮಾರು 7 ಲಕ್ಷ ಹೆಕ್ಟೇರು, ಅಂದರೆ ಒಟ್ಟು ನೆಲದ ಕಾಲು ಭಾಗ. ಈ ನೆಲದ ಒಡೆತನ ಐವತ್ತು ವರ್ಷಗಳೊಳಗೆ ಮೂರು ಸಲ ಬುಡಮೇಲಾಯಿತು: 1945ರಲ್ಲಿ ಜಮೀನ್ದಾರರಿಂದ ಗೇಣಿದಾರರಿಗೆ, 1946ರಿಂದ 1967ರವರೆಗೆ ರೈತರಿಂದ ಸಹಕಾರ ಸಂಘಗಳಿಗೆ, 1991ರಲ್ಲಿ ಸಂಘಗಳಿಂದ ಮತ್ತೆ ಕುಟುಂಬಗಳಿಗೆ. ಮೊದಲ ಎರಡು ಬದಲಾವಣೆಗಳ ವಿವರ ಎಲ್ಲ ಆಕರಗಳಲ್ಲೂ ಸಿಗುತ್ತದೆ. ಮೂರನೆಯದರ ಬಗ್ಗೆ ಮಾತ್ರ ಗೊಂದಲ ಉಳಿದಿದೆ. ಕಾಯ್ದೆಯಲ್ಲಿ ಬರೆದದ್ದನ್ನೇ ಊರಲ್ಲಿ ನಡೆದದ್ದೆಂದು ಹೇಳುವ ಬರಹಗಳು ಹೆಚ್ಚಾಗಿರುವುದರಿಂದ ಇಲ್ಲಿ ಆ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದೆ.

1945ಕ್ಕೆ ಮುನ್ನ

ಆಟೊಮನ್ ಆಳ್ವಿಕೆಯಲ್ಲಿ ಮ್ಯೂಜೆಚೆಯಂಥ ಪಶ್ಚಿಮದ ಬಯಲುಗಳು ಬೇ ಎಂದು ಕರೆಯುವ ಕೆಲವೇ ಜಮೀನ್ದಾರಿ ಮನೆತನಗಳ ಕೈಯಲ್ಲಿದ್ದವು. ಉಳುವವರು ಬೆಳೆಯಲ್ಲಿ ಪಾಲು ಕೊಟ್ಟು ಬದುಕುತ್ತಿದ್ದರು. ಉತ್ತರದ ಬೆಟ್ಟಸೀಮೆಯ ರೀತಿಯೇ ಬೇರೆ. ಅಲ್ಲಿ ಹೊಲ ಕುಟುಂಬದ್ದು, ಕಾಡು ಮತ್ತು ಹುಲ್ಲುಗಾವಲು ಊರೊಟ್ಟಿನದು, ತಕರಾರು ತೀರಿಸುತ್ತಿದ್ದುದು ಕಾನೂನ್ ಎಂದು ಕರೆಯುವ ರೂಢಿಯ ಕಟ್ಟಳೆ. ಹದ್ದಿನ ಜಗಳ ಬಂದರೆ ಊರ ಹಿರಿಯ ಹೆಗಲ ಮೇಲೆ ಕಲ್ಲು ಮತ್ತು ಮಣ್ಣಿನ ಹೆಂಟೆ ಹೊತ್ತು, ಆಣೆ ಇಟ್ಟು, ಗಡಿಯ ಗುಂಟ ನಡೆದು ತೋರಿಸುತ್ತಿದ್ದ. ಆತ ನಡೆದ ದಾರಿಯೇ ಹದ್ದು. ಈ ಕಟ್ಟಳೆಗಳನ್ನು ಬಾಯಿಂದ ಬಾಯಿಗೆ ಬಂದಂತೆ ಸಂಗ್ರಹಿಸಿದವನು ಶ್ಟೆಫೆನ್ ಜೆಚೋವಿ ಎಂಬ ಪಾದ್ರಿ. ಅವನ ಸಂಗ್ರಹ 1933ರಲ್ಲಿ ಪುಸ್ತಕವಾಯಿತು. ಅರವತ್ತು ವರ್ಷಗಳ ನಂತರ ಇವೇ ಗಡಿಗಳು ಸರ್ಕಾರದ ಕಾಯ್ದೆಗೆ ಅಡ್ಡ ನಿಂತವು ಎಂಬುದರಿಂದ ಈ ವಿವರಕ್ಕೆ ಮಹತ್ವವಿದೆ.

1912ರಲ್ಲಿ ಸ್ವತಂತ್ರವಾದ ಮೇಲೂ ಬಯಲುಸೀಮೆಯ ಒಡೆತನ ಬದಲಾಗಲಿಲ್ಲ. ದೊರೆ ಜೋಗ್ 1930ರಲ್ಲಿ ಇಟಲಿಯ ತಜ್ಞ ಲೊರೆಂಜೋನಿಯ ನೆರವಿನಿಂದ ಭೂಸುಧಾರಣಾ ಕಾಯ್ದೆ ತಂದನಾದರೂ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು.

ಸಮಾಜವಾದಿ ಕಾಲ

1945ರ ಆಗಸ್ಟ್ 29ರ ಭೂಸುಧಾರಣಾ ಕಾಯ್ದೆ ದೊಡ್ಡ ಹಿಡುವಳಿಗಳನ್ನು ಮುಟ್ಟುಗೋಲು ಹಾಕಿಕೊಂಡು ಗೇಣಿದಾರರಿಗೂ ಭೂಹೀನರಿಗೂ ಹಂಚಿತು. ಮರುವರ್ಷವೇ ಹಿಡುವಳಿಯ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಸಿಕ್ಕ ಭೂಮಿಯನ್ನು ಮಾರುವ ಹಕ್ಕು ರೈತರಿಗೆ ಇರಲಿಲ್ಲ. 1946ರ ನವೆಂಬರ್‌ನಲ್ಲಿ ಲುಶ್ನಿಯ ಸೀಮೆಯ ಕ್ರುತ್ಯದಲ್ಲಿ ಮೊದಲ ಸಹಕಾರಿ ಬೇಸಾಯ ಸಂಘ ಸ್ಥಾಪನೆಯಾಯಿತು. ಅದೇ ತಿಂಗಳು, ಕೋರ್ಚ ಬಯಲಿನ ಮಲೀಚ್ ಜೌಗನ್ನು ಬತ್ತಿಸುವ ಕೆಲಸದಲ್ಲಿದ್ದ ಇಂಜಿನಿಯರುಗಳ ಮೇಲೆ ವಿಧ್ವಂಸದ ಆರೋಪ ಹೊರಿಸಿ ಕೆಲವರಿಗೆ ಮರಣದಂಡನೆ ಕೊಡಲಾಯಿತು. ಜೌಗು ಬತ್ತಿಸಿ, ಗುಡ್ಡಗಳಿಗೆ ಮೆಟ್ಟಿಲು ಕಡಿದು ಗಳಿಸಿದ ಹೊಲಗಳನ್ನು ಆಡಳಿತ ತನ್ನ ದೊಡ್ಡ ಸಾಧನೆಯೆಂದು ಹೇಳಿಕೊಂಡಿತು. ಆ ಹೊಲಗಳ ಹಿಂದೆ ಕೈದಿಗಳ ಮತ್ತು ಗಡೀಪಾರಾದ ಕುಟುಂಬಗಳ ಬಿಟ್ಟಿ ದುಡಿಮೆಯೂ ಇತ್ತೆಂಬುದನ್ನು ಬಿಟ್ಟು ಈ ಸಾಧನೆಯನ್ನು ಬರೆಯುವುದು ಸರಿಯಲ್ಲ.

ಬೆಟ್ಟದ ಊರುಗಳೂ ಸೇರಿ ಸಾಮೂಹೀಕರಣ 1967ರಲ್ಲಿ ಪೂರ್ಣಗೊಂಡಿತು. 1976ರ ಸಂವಿಧಾನ ಭೂಮಿಯನ್ನು ರಾಜ್ಯದ ಆಸ್ತಿಯೆಂದು ಸಾರಿತು. ಅದೇ ವರ್ಷ ರೊಟ್ಟಿಯ ಧಾನ್ಯದಲ್ಲಿ ದೇಶ ಸ್ವಾವಲಂಬಿಯಾಯಿತೆಂದು ಕಮ್ಯುನಿಸ್ಟ್ ನಾಯಕ ಎನ್ವರ್ ಹೋಜಾನ ಸರ್ಕಾರ ಘೋಷಿಸಿತು.

ಆಮೇಲಿನ ಹೆಜ್ಜೆ ರೈತರ ಅಡುಗೆಮನೆಗೇ ಕೈಹಾಕಿತು. 1981ರಿಂದ ಮನೆಮನೆಯ ಹಸು, ಕುರಿ, ಆಡುಗಳನ್ನು ಸಂಘದ ಮಂದೆಗೆ ಸೇರಿಸಲಾಯಿತು. ಹಿತ್ತಲ ತುಂಡು ಕುಗ್ಗುತ್ತ ಬಂತು. ಹಾಲು ಕೊಡುತ್ತಿದ್ದ ಮನೆಗಳೇ ಹಾಲಿಗೆ ಸರದಿ ನಿಲ್ಲುವಂತಾಯಿತು. ಸಹಕಾರಿ ವ್ಯವಸ್ಥೆಯ ಮೇಲೆ ಹಳ್ಳಿಗರಿಗೆ ಉಳಿದಿದ್ದ ಸಹನೆ ಕರಗಿದ್ದು 1991ರಲ್ಲಲ್ಲ, ಈ ವರ್ಷಗಳಲ್ಲಿ. ಹೋಜಾ 1985ರಲ್ಲಿ ತೀರಿಕೊಂಡ. ಅವನ ನಂತರ ಬಂದ ರಮೀಜ್ ಅಲಿಯಾ 1990ರಲ್ಲಿ ಹಿತ್ತಲನ್ನು ಹಿಗ್ಗಿಸಿ, ಮನೆಯಲ್ಲಿ ಜಾನುವಾರು ಸಾಕಲು, ಮಿಕ್ಕದ್ದನ್ನು ಸಂತೆಯಲ್ಲಿ ಮಾರಲು ಅವಕಾಶ ಕೊಟ್ಟ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

1991ರ ಕಾಯ್ದೆ

1991ರ ಜುಲೈ 19ರಂದು ಸಂಸತ್ತು 7501ನೆಯ ಸಂಖ್ಯೆಯ ಭೂ ಕಾಯ್ದೆಯನ್ನು ಅಂಗೀಕರಿಸಿತು. ಇದನ್ನು ಡೆಮಾಕ್ರಟಿಕ್ ಪಕ್ಷದ ಸುಧಾರಣೆಯೆಂದು ಹಲವರು ಬರೆದಿದ್ದಾರೆ. ಅದು ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. ಆ ಪಕ್ಷ ಅಧಿಕಾರಕ್ಕೆ ಬಂದದ್ದು 1992ರ ಮಾರ್ಚ್ ಚುನಾವಣೆಯಲ್ಲಿ. 1991ರ ಮಾರ್ಚ್ 31ರ ಮೊದಲ ಬಹುಪಕ್ಷೀಯ ಚುನಾವಣೆಯಲ್ಲಿ ಗೆದ್ದದ್ದು ಅಲ್ಲಿಯವರೆಗೆ ಆಳುತ್ತಿದ್ದ ಹಳೆಯ ಲೇಬರ್ ಪಕ್ಷ. 250 ಸ್ಥಾನಗಳಲ್ಲಿ 169 ಅದಕ್ಕೆ ಬಂದವು, ಬಹುಪಾಲು ಹಳ್ಳಿಗಳ ಮತದಿಂದ. ಹಳೆಯ ಬೇಗಳು ಮರಳಿ ಬಂದು ಜಮೀನು ಕಿತ್ತುಕೊಳ್ಳುತ್ತಾರೆಂಬ ಅಂಜಿಕೆ ಆ ಮತಗಳ ಹಿಂದಿತ್ತು. ಜೂನ್‌ನಲ್ಲಿ ಆ ಪಕ್ಷ ಸಮಾಜವಾದಿ ಪಕ್ಷವೆಂದು ಹೆಸರು ಬದಲಿಸಿಕೊಂಡಿತು. ಕಾಯ್ದೆ ಬಂದದ್ದು ಯೀಲ್ಲಿ ಬೂಫಿಯ ಸಮ್ಮಿಶ್ರ ಸರ್ಕಾರದ ಕಾಲದಲ್ಲಿ; ವಿರೋಧ ಪಕ್ಷದವರೂ ಆ ಸರ್ಕಾರದಲ್ಲಿದ್ದರು. 1992ರ ನಂತರದ ಡೆಮಾಕ್ರಟಿಕ್ ಸರ್ಕಾರ ಅದೇ ಹಂಚಿಕೆಯನ್ನು ಮುಂದುವರಿಸಿತು.

ಕಾಯ್ದೆಯ ಮೂಲ ತತ್ತ್ವ ಸರಳ. ಸಹಕಾರ ಸಂಘದ ಜಮೀನನ್ನು ಊರಿನ ಕುಟುಂಬಗಳಿಗೆ ತಲೆಯೆಣಿಕೆಯ ಮೇಲೆ ಪುಕ್ಕಟೆ ಹಂಚಬೇಕು. ಸಾಮೂಹೀಕರಣಕ್ಕೆ ಮುಂಚಿನ ಒಡೆತನವನ್ನಾಗಲಿ, ಅದರ ವಿಸ್ತೀರ್ಣವನ್ನಾಗಲಿ, ಗಡಿಯನ್ನಾಗಲಿ ಪರಿಗಣಿಸಕೂಡದೆಂದು 8ನೆಯ ವಿಧಿ ನೇರವಾಗಿ ಹೇಳಿತು. ಮಾರಾಟಕ್ಕೆ ನಿಷೇಧವಿತ್ತು. ಮಧ್ಯ ಮತ್ತು ಪೂರ್ವ ಯೂರೋಪಿನ ಬಹುತೇಕ ದೇಶಗಳು ಹಳೆಯ ಒಡೆಯರಿಗೆ ಜಮೀನು ಹಿಂದಿರುಗಿಸುವ ದಾರಿ ಹಿಡಿದಾಗ ಅಲ್ಬೇನಿಯ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. 1945ರಲ್ಲಿ ಬಯಲುಸೀಮೆಯ ಒಡೆತನ ಅಷ್ಟು ಅಸಮವಾಗಿತ್ತು; ಹಿಂದಿರುಗಿಸಿದ್ದರೆ ಉಳುವವರಲ್ಲಿ ಬಹುಮಂದಿ ಬರಿಗೈಯಾಗುತ್ತಿದ್ದರು. ಈ ದೃಷ್ಟಿಯಿಂದ 8ನೆಯ ವಿಧಿ ನ್ಯಾಯವಾದದ್ದೇ.

ಕಾಯ್ದೆ ಸಹಕಾರ ಸಂಘಗಳನ್ನು ಒಡೆಯಿತೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. 1991ರ ವಸಂತದ ಹೊತ್ತಿಗೇ ಅನೇಕ ಕಡೆ ಸಂಘದ ಕೆಲಸ ನಿಂತಿತ್ತು. ಜಾನುವಾರುಗಳನ್ನು ಜನ ಮನೆಗೆ ಹೊಡೆದುಕೊಂಡು ಹೋಗಿದ್ದರು. ಗಾಜಿನ ಮನೆಗಳು ಪುಡಿಯಾದವು, ಹಣ್ಣಿನ ತೋಟಗಳು ಸೌದೆಯಾದವು, ಪಂಪುಗಳ ತಾಮ್ರ ಗುಜರಿಗೆ ಹೋಯಿತು. ಆ ವರ್ಷ ಆಹಾರದ ಕೊರತೆ ಎಷ್ಟಿತ್ತೆಂದರೆ ಇಟಲಿಯ ಸೇನೆ ‘ಪೆಲಿಕನ್’ ಎಂಬ ಕಾರ್ಯಾಚರಣೆಯಲ್ಲಿ ಹಿಟ್ಟು, ಎಣ್ಣೆ, ಔಷಧಿ ತಂದು ಊರೂರಿಗೆ ಹಂಚಬೇಕಾಯಿತು. ಹೀಗೆ ಆಗಲೇ ಕುಸಿಯುತ್ತಿದ್ದ ವ್ಯವಸ್ಥೆಗೆ ಕಾಯ್ದೆ ಕಾನೂನಿನ ರೂಪ ಕೊಟ್ಟಿತು, ಅಷ್ಟೆ.

ಊರುಗಳಲ್ಲಿ ನಡೆದ ಹಂಚಿಕೆ

ಹಂಚುವ ಅಧಿಕಾರ ಊರಿನ ಭೂ ಆಯೋಗಗಳಿಗಿತ್ತು. ಬಯಲುಸೀಮೆಯಲ್ಲಿ ಆಯೋಗ ಮೊದಲು ಊರ ಜಮೀನನ್ನು ದರ್ಜೆ ಮಾಡುತ್ತಿತ್ತು: ನೀರಾವರಿಯ ಹೊಲ, ಮಳೆಯಾಶ್ರಯದ ಹೊಲ, ಗುಡ್ಡದ ಓರೆ, ತೋಟ. ಪ್ರತಿ ದರ್ಜೆಯಲ್ಲೂ ಪ್ರತಿ ಕುಟುಂಬಕ್ಕೆ ಪಾಲು ಸಿಗಬೇಕೆಂಬ ಹಟದಿಂದ ಹಗ್ಗ ಹಿಡಿದು ಅಳೆದರು. ಪರಿಣಾಮವಾಗಿ ಕುಟುಂಬವೊಂದಕ್ಕೆ ಒಟ್ಟು ಒಂದೂಕಾಲು ಹೆಕ್ಟೇರಿನ ಆಸುಪಾಸಿನ ನೆಲ ಸಿಕ್ಕಿತು. ಅದೂ ಮೂರು ನಾಲ್ಕು ಕಡೆ ಚದುರಿದ ಪಟ್ಟೆಗಳಾಗಿ. ನೂರಾರು ಹೆಕ್ಟೇರಿನ ತಾಕುಗಳಿಗೆಂದು ತೋಡಿದ ಕಾಲುವೆಗಳು ಈಗ ಹತ್ತಾರು ಮಂದಿಯ ಹೊಲಗಳ ನಡುವೆ ಹರಿಯಬೇಕಾಯಿತು. ಹೂಳು ಎತ್ತುವವರು ಯಾರೆಂಬುದು ತೀರ್ಮಾನವಾಗದೆ ಕಾಲುವೆಗಳು ಮುಚ್ಚಿಹೋದವು. ನೀರು ಬಳಕೆದಾರರ ಸಂಘಗಳನ್ನು ಕಟ್ಟುವ ಕೆಲಸ ಆಮೇಲೆ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾಯಿತು.

ಬೆಟ್ಟಸೀಮೆಯಲ್ಲಿ ಆದದ್ದು ಬೇರೆ. ಮಿರ್ದೀತ, ದುಕಾಜಿನ್ ಮುಂತಾದ ಕಡೆ ಬಹಳಷ್ಟು ಊರುಗಳು ತಲೆಯೆಣಿಕೆಯನ್ನು ಒಪ್ಪದೆ ಅಜ್ಜಂದಿರ ಕಾಲದ ಗಡಿಗಳಿಗೇ ಮರಳಿದವು. ದಕ್ಷಿಣ ಕರಾವಳಿಯ ಹಿಮಾರ ಸೀಮೆಯಲ್ಲೂ ಹೀಗೇ ನಡೆಯಿತು. ಸಾಮೂಹೀಕರಣಕ್ಕೆ ಮುನ್ನ ಅಲ್ಲಿ ದೊಡ್ಡ ಜಮೀನ್ದಾರರೇ ಇರಲಿಲ್ಲವಾದ್ದರಿಂದ ಹಳೆಯ ಗಡಿಯೇ ಹೆಚ್ಚು ನ್ಯಾಯವೆಂದು ಊರವರಿಗೆ ಕಂಡಿತು. ಇಂಥ ಕುಟುಂಬಗಳಿಗೆ ತಾಪಿ ಎಂದು ಕರೆಯುವ ಹಕ್ಕುಪತ್ರ ಸಿಗಲಿಲ್ಲ. ಸಿಕ್ಕ ಕಡೆಯೂ ಪತ್ರದಲ್ಲಿದ್ದ ಹೊಲ ಒಂದು, ಉಳುತ್ತಿದ್ದ ಹೊಲ ಇನ್ನೊಂದು ಆಗಿರುವುದುಂಟು. ದೇಶದ ಎಲ್ಲೆಡೆ ಸಮಾನ ಹಂಚಿಕೆಯಾಯಿತೆಂಬ ಸರ್ಕಾರಿ ಚಿತ್ರವನ್ನು ಹಾಗೇ ಎತ್ತಿ ಬರೆಯುವಂತಿಲ್ಲ ಎನ್ನುವುದು ಇದಕ್ಕೇ. ಹದ್ದಿನ ಜಗಳಗಳಲ್ಲಿ ಕೆಲವು ಹಳೆಯ ರಕ್ತವೈರದ ದಾರಿ ಹಿಡಿದವು.

ಹೆಂಗಸರ ಪಾಲಿನ ವಿಚಾರವನ್ನು ಹಿಂದಿನ ಬರಹಗಳು ಬಹುಮಟ್ಟಿಗೆ ಮುಟ್ಟಿಯೇ ಇಲ್ಲ. ಜಮೀನು ಕುಟುಂಬದ ಜಂಟಿ ಆಸ್ತಿಯಾದರೂ ಹಕ್ಕುಪತ್ರ ಬಂದದ್ದು ಮನೆಯ ಯಜಮಾನನ ಹೆಸರಿಗೆ. ಹಂಚಿಕೆಯ ನಂತರ ಮದುವೆಯಾಗಿ ಹೋದ ಮಗಳ ಪಾಲು ತವರಿನಲ್ಲೇ ಉಳಿಯಿತು. ಗಂಡನ ಮನೆಯಲ್ಲಿ ಅವಳ ತಲೆ ಎಣಿಕೆಗೆ ಬಂದಿರಲಿಲ್ಲ. ತಲೆಗೊಂದು ಪಾಲು ಎಂಬ ಸಮಾನತೆ ಕಾಗದದ ಮೇಲಿದ್ದಷ್ಟು ಮನೆಯೊಳಗೆ ಇರಲಿಲ್ಲ.

ಒಟ್ಟು ಜಮೀನಿನ ಕಾಲು ಭಾಗದಷ್ಟನ್ನು ಹೊಂದಿದ್ದ ಸರ್ಕಾರಿ ಫಾರಂಗಳ ಕಥೆಯನ್ನೂ ಬೇರೆಯಾಗಿಯೇ ನೋಡಬೇಕು. ಅವುಗಳ ನೌಕರರಿಗೆ ಮೊದಲು ಸಿಕ್ಕಿದ್ದು ಬಳಕೆಯ ಹಕ್ಕು ಮಾತ್ರ. ಅದು ಒಡೆತನವಾಗಿ ಬದಲಾದದ್ದು 1995ರ ಡಿಸೆಂಬರಿನ ಕಾಯ್ದೆಯಿಂದ. ತಿರಾನದ ಪಕ್ಕದ ಕಾಮ್ಜ ಫಾರಂನ ನೆಲದ ಬಹುಭಾಗದಲ್ಲಿ ಬೇಸಾಯವೇ ನಿಂತುಹೋಯಿತು. ಉತ್ತರದಿಂದ ಇಳಿದು ಬಂದ ಕುಟುಂಬಗಳು ಅಲ್ಲಿ ಮನೆ ಕಟ್ಟಿಕೊಂಡು ಬಾಥೋರೆ ಎಂಬ ದೊಡ್ಡ ಬಡಾವಣೆ ಬೆಳೆಯಿತು.

ಹಳೆಯ ಒಡೆಯರ ತಕರಾರು

1945ರಲ್ಲಿ ಜಮೀನು ಕಳೆದುಕೊಂಡವರ ವಾರಸುದಾರರು ‘ನ್ಯಾಯಯುತ ಆಸ್ತಿ’ ಎಂಬರ್ಥದ ಹೆಸರಿನ ಸಂಘಟನೆ ಕಟ್ಟಿಕೊಂಡು ಹೋರಾಡಿದರು. 1993ರ ಏಪ್ರಿಲ್‌ನ ಎರಡು ಕಾಯ್ದೆಗಳು ನಗರದ ನಿವೇಶನಗಳನ್ನು ಹಿಂದಿರುಗಿಸಲೂ ಕೃಷಿಭೂಮಿಗೆ ಪರಿಹಾರ ಕೊಡಲೂ ದಾರಿ ಮಾಡಿದವು. ಪರಿಹಾರಕ್ಕೆ ಖಜಾನೆಯಲ್ಲಿ ಹಣವಿರಲಿಲ್ಲ. 2004ರಲ್ಲಿ ಮತ್ತೊಂದು ಕಾಯ್ದೆ ಬಂತು, ತೀರ್ಪುಗಳು ಜಾರಿಯಾಗಲಿಲ್ಲ. ಕೊನೆಗೆ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2012ರ ಜುಲೈ 31ರಂದು ಮನುಶಾಚೆ ಪುಟೊ ಪ್ರಕರಣದಲ್ಲಿ, ದೋಷ ವ್ಯವಸ್ಥೆಯಲ್ಲೇ ಇದೆಯೆಂದು ತೀರ್ಪಿತ್ತು, ಪರಿಹಾರಕ್ಕೆ ಗಡುವು ಹಾಕಿತು. 2015ರ ಕಾಯ್ದೆ ಆ ತೀರ್ಪಿನ ಫಲ. ಒಂದೇ ಹೊಲಕ್ಕೆ ಮೂರು ಹಕ್ಕುಗಳು ಏಕಕಾಲದಲ್ಲಿ ಉಳಿದುಬಂದಿವೆ: 1945ಕ್ಕೆ ಮುಂಚಿನ ಪತ್ರ, 1991ರ ತಾಪಿ, ಊರು ಒಪ್ಪಿದ ಅಜ್ಜನ ಗಡಿ. ಅಲ್ಬೇನಿಯದ ಭೂ ರಾಜಕಾರಣದ ತಿರುಳು ಇಲ್ಲಿದೆಯೇ ಹೊರತು ಸಬ್ಸಿಡಿಯ ಲೆಕ್ಕದಲ್ಲಿಲ್ಲ.

ಮಾರುಕಟ್ಟೆಯ ವರ್ಷಗಳು

ಉತ್ಪಾದನೆ 1992ರಿಂದಲೇ ಚೇತರಿಸಿತು. ಗೋಧಿ ಕುಗ್ಗಿ ಮೇವು, ತರಕಾರಿ, ಹೈನುಗಾರಿಕೆ ಮುಂದೆ ಬಂದವು. ಕೈಗಾರಿಕೆ ನೆಲಕಚ್ಚಿದ್ದರಿಂದ ಆ ದಶಕದ ನಡುವೆ ರಾಷ್ಟ್ರೀಯ ಉತ್ಪನ್ನದ ಅರ್ಧಕ್ಕಿಂತ ಹೆಚ್ಚು ಪಾಲು ಕೃಷಿಯದಾಗಿತ್ತು. 1995ರ ಜುಲೈನಲ್ಲಿ ಜಮೀನಿನ ಮಾರಾಟಕ್ಕೆ ಅನುಮತಿ ಸಿಕ್ಕರೂ ಖಾತೆ ಸರಿಯಿಲ್ಲದ ಹೊಲವನ್ನು ಕೊಳ್ಳುವವರಾಗಲಿ, ಅದರ ಮೇಲೆ ಸಾಲ ಕೊಡುವ ಬ್ಯಾಂಕಾಗಲಿ ಇರಲಿಲ್ಲ. 1996-97ರಲ್ಲಿ ಪಿರಮಿಡ್ ಹಣಕೂಟಗಳ ದುಪ್ಪಟ್ಟು ಬಡ್ಡಿಯ ಆಸೆಗೆ ಹಳ್ಳಿಗರು ಮಂದೆಗಳನ್ನೇ ಮಾರಿ ಹಣ ಹೂಡಿದರು. ಕೂಟಗಳು ಕುಸಿದಾಗ ದೇಶವೇ ದಂಗೆಗೆ ಸಿಲುಕಿತು.

2000ದ ನಂತರ

ಅಲ್ಬೇನಿಯ 2000ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯನಾಯಿತು, 2014ರಲ್ಲಿ ಯೂರೋಪಿಯನ್ ಒಕ್ಕೂಟದ ಅಭ್ಯರ್ಥಿ ರಾಷ್ಟ್ರವಾಯಿತು. ನೀತಿಯ ಒತ್ತು ಅನುದಾನದ ಕಡೆಗೆ ಹೊರಳಿತು. ಮೊದಲ ಹಂತದಲ್ಲಿ ಆಲಿವ್ ಮತ್ತು ಹಣ್ಣಿನ ತೋಟಗಳಿಗೆ ನೆರವು ಸಿಕ್ಕಿತು. ಆಮೇಲೆ ಒಕ್ಕೂಟದ ಗ್ರಾಮೀಣ ನಿಧಿ ಬಂತು. 2012ರ ಕಾಯ್ದೆಯೊಂದು ರೈತರು ಸ್ವಇಚ್ಛೆಯಿಂದ ಒಗ್ಗೂಡುವ ಸಂಘಗಳಿಗೆ ದಾರಿ ತೆರೆದರೂ ಹಳೆಯ ಸಹಕಾರಿಯ ನೆನಪು ಮಾಸದ ಹಳ್ಳಿಗರು ಹಿಂಜರಿದರು. ಲುಶ್ನಿಯ, ದಿವ್ಯಾಕ, ಫಿಯೆರ್ ಸುತ್ತ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳು ಹಬ್ಬಿ ಟೊಮೇಟೊ, ಸೌತೆ ರಫ್ತಾಗತೊಡಗಿದವು. ಉತ್ತರದ ಮಲೆಸೀಯ ಎ ಮಾಧೆಯಲ್ಲಿ ಸೇಜ್ ಎಂಬ ಔಷಧೀಯ ಸಸ್ಯ ಹೊಲದ ಬೆಳೆಯಾಯಿತು. 2023ರಲ್ಲಿ ಅಕ್ರಮದ ಶಂಕೆಯಿಂದ ಒಕ್ಕೂಟ ತನ್ನ ಗ್ರಾಮೀಣ ನಿಧಿಯ ಪಾವತಿಯನ್ನು ತಡೆಹಿಡಿಯಿತು.

ದಾಖಲೆಗಳ ಕೆಲಸ ಇನ್ನೂ ನಡೆದಿದೆ. 2019ರಲ್ಲಿ ನೋಂದಣಿ ಕಚೇರಿಗಳನ್ನೆಲ್ಲ ಸೇರಿಸಿ ರಾಜ್ಯ ಭೂದಾಖಲೆ ಸಂಸ್ಥೆಯನ್ನು ಕಟ್ಟಲಾಯಿತು. 1991ರ ಹಂಚಿಕೆಯ ಅಪೂರ್ಣ ಪತ್ರಗಳನ್ನು ಸರಿಪಡಿಸಲು 2020ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ವಿದೇಶಿಯರು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ಗುತ್ತಿಗೆಗೆ ಪಡೆಯಬಹುದು. 1989ರಲ್ಲಿ 32 ಲಕ್ಷದ ಸಮೀಪವಿದ್ದ ಜನಸಂಖ್ಯೆ 2023ರ ಜನಗಣತಿಯಲ್ಲಿ 24 ಲಕ್ಷಕ್ಕೆ ಇಳಿದಿದೆ. ಹಂಚಿಕೆಯಲ್ಲಿ ಪಾಲು ಪಡೆದ ಅನೇಕ ಕುಟುಂಬಗಳು ಇಂದು ಗ್ರೀಸ್ ಮತ್ತು ಇಟಲಿಯಲ್ಲಿ ನೆಲೆಸಿದ್ದು, ಗುಡ್ಡಸೀಮೆಯ ಅವರ ಹೊಲಗಳಲ್ಲಿ ಬಹಳಷ್ಟು ಉಳುಮೆಯಿಲ್ಲದೆ ಬಿದ್ದಿವೆ.