ಬಿಯರ್ ಉದ್ಯಮದ ಸುಸ್ಥಿರತಾ ವರದಿ: ನೀರಿನ ಲೆಕ್ಕ, ಊರಿನ ಮಾತು

ಬಿಯರ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಇರುವುದು ನೀರು. ಬಣ್ಣ, ರುಚಿ, ಅಮಲು ಎಲ್ಲವೂ ಮಿಕ್ಕ ಪಾಲಿನಲ್ಲಿ ಬಾರ್ಲಿ ಮಾಲ್ಟ್, ಹಾಪ್ಸ್ ಹೂವು ಮತ್ತು ಯೀಸ್ಟ್ ಸೇರಿ ಮಾಡುವ ಕೆಲಸ. ಹೀಗಾಗಿ ಬಿಯರ್ ಕಾರ್ಖಾನೆ ಎಲ್ಲಿ ತಲೆಯೆತ್ತಿದರೂ ಅಲ್ಲಿನ ನದಿ, ಕೊಳವೆಬಾವಿ, ಹೊಲಗಳಿಗೆ ಅದರ ಲೆಕ್ಕ ತಟ್ಟುತ್ತದೆ. ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ ಒಪ್ಪಿಸುವ ದಾಖಲೆಯೇ ಸುಸ್ಥಿರತಾ ವರದಿ. ಕಾರ್ಖಾನೆಯಿಂದ ಒಳಿತೋ ಕೆಡುಕೋ ಅನುಭವಿಸುವ ಕಾರ್ಮಿಕರು, ರೈತರು, ನೆರೆಯ ಊರಿನವರು, ಗ್ರಾಹಕರು, ಹೂಡಿಕೆದಾರರು, ಇವರೆಲ್ಲರನ್ನೂ ಒಟ್ಟಾಗಿ ಭಾಗೀದಾರರು ಎನ್ನುತ್ತಾರೆ. ಅವರೊಂದಿಗೆ ಕಂಪನಿ ನಡೆಸುವ ಮಾತುಕತೆ ಈ ವರದಿಯ ಇನ್ನೊಂದು ಮುಖ.

ವರದಿ ಬರೆಯುವ ಪದ್ಧತಿ ಎಲ್ಲಿಂದ ಬಂತು

1989ರಲ್ಲಿ ಅಲಾಸ್ಕಾ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಕಚ್ಚಾ ತೈಲ ಸೋರಿದ ಮೇಲೆ, ಕಂಪನಿಗಳು ಹಣದ ಲೆಕ್ಕದ ಜೊತೆಗೆ ಪರಿಸರದ ಲೆಕ್ಕವನ್ನೂ ಕೊಡಬೇಕೆಂಬ ಒತ್ತಾಯ ಅಮೆರಿಕದಲ್ಲಿ ಬಲವಾಯಿತು. ಅದರ ಫಲವಾಗಿ 1997ರಲ್ಲಿ ಬಾಸ್ಟನ್‌ನಲ್ಲಿ ಗ್ಲೋಬಲ್ ರಿಪೋರ್ಟಿಂಗ್ ಇನಿಷಿಯೇಟಿವ್ ಎಂಬ ಸಂಸ್ಥೆ ಹುಟ್ಟಿತು. ಅದರ ಮೊದಲ ಮಾರ್ಗಸೂಚಿ ಬಂದದ್ದು 2000ದಲ್ಲಿ. ಯಾವ ಅಂಶ ಮುಖ್ಯ, ಯಾವುದು ಅಲ್ಲ ಎಂಬುದನ್ನು ಭಾಗೀದಾರರನ್ನು ಕೇಳಿಯೇ ತೀರ್ಮಾನಿಸಬೇಕೆಂಬ ತತ್ವ ಜಗತ್ತಿನಾದ್ಯಂತ ಹರಡಿದ್ದು ಮುಖ್ಯವಾಗಿ ಈ ಮಾರ್ಗಸೂಚಿಯಿಂದಲೇ.

ಇಂದು ದೊಡ್ಡ ಬಿಯರ್ ಕಂಪನಿಗಳ ವರದಿಗಳಲ್ಲಿ ಕಾಣುವ ಬಾಬತ್ತುಗಳು ಹೆಚ್ಚುಕಡಿಮೆ ಒಂದೇ ತೆರನಾದವು: ನೀರು, ಇಂಧನ, ಇಂಗಾಲ, ಬಾಟಲಿ ಮತ್ತು ಕ್ಯಾನ್, ಬಾರ್ಲಿ ಬೆಳೆಗಾರರು, ಕಾರ್ಮಿಕರ ಸುರಕ್ಷತೆ, ಕುಡಿತದ ದುಷ್ಪರಿಣಾಮ. ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ 2017ರಲ್ಲಿ ಸಾರಿದ ಗುರಿಗಳಲ್ಲಿ ಇಂಗಾಲ, ನೀರಿನ ಪೋಲು, ಅಪಘಾತಗಳ ಸಾಲಿಗೆ ಬೇಜವಾಬ್ದಾರಿ ಕುಡಿತವನ್ನೂ ಸೇರಿಸಿ, ನಾಲ್ಕನ್ನೂ ಸೊನ್ನೆಗೆ ಇಳಿಸುವುದಾಗಿ ಹೇಳಿತು. ಇವುಗಳಲ್ಲಿ ಕೊನೆಯದೇ ಅಳೆಯಲು ಅತಿ ಕಷ್ಟದ್ದು. ಮಾರಾಟ ಹೆಚ್ಚಿದಷ್ಟೂ ಲಾಭ ಕಾಣುವ ಕಂಪನಿ ಈ ಒಂದು ವಿಷಯದಲ್ಲಿ ಒಪ್ಪಿಸುವ ಲೆಕ್ಕವನ್ನು ಓದುಗರು ಎರಡು ಬಾರಿ ಓದಬೇಕು.

ಕಾಂಪೌಂಡಿನ ಒಳಗಿನ ನೀರು, ಹೊರಗಿನ ನೀರು

ಬಿಯರ್ ಉದ್ಯಮ ತನ್ನನ್ನು ಅಳೆದುಕೊಳ್ಳುವ ಮುಖ್ಯ ಅಂಕಿ ಒಂದಿದೆ: ಒಂದು ಲೀಟರ್ ಬಿಯರ್ ತಯಾರಿಸಲು ಕಾರ್ಖಾನೆಯಲ್ಲಿ ಎಷ್ಟು ಲೀಟರ್ ನೀರು ಬೇಕಾಯಿತು? ಕುದಿಸುವುದು, ತಣಿಸುವುದು, ತೊಟ್ಟಿಗಳನ್ನೂ ಬಾಟಲಿಗಳನ್ನೂ ತೊಳೆಯುವುದು ಎಲ್ಲ ಸೇರಿ ದೊಡ್ಡ ಕಂಪನಿಗಳಲ್ಲಿ ಇದು ಈಗ ಮೂರು ಲೀಟರಿನ ಆಸುಪಾಸಿನಲ್ಲಿದೆ. ಕಾರ್ಲ್ಸ್‌ಬರ್ಗ್ 2021ರಲ್ಲಿ ಡೆನ್ಮಾರ್ಕ್‌ನ ಫ್ರೆಡೆರಿಸಿಯಾ ಕಾರ್ಖಾನೆಯಲ್ಲಿ ಮರುಬಳಕೆ ಘಟಕ ಆರಂಭಿಸಿತು. ತಯಾರಿಕೆಯಲ್ಲಿ ಬಳಸಿದ ನೀರಿನ ಶೇ. 90ರಷ್ಟನ್ನು ಶುದ್ಧೀಕರಿಸಿ ತೊಳೆಯುವಂಥ ಕೆಲಸಗಳಿಗೆ ಹಿಂದಿರುಗಿಸಿ, ಲೀಟರ್ ಬಿಯರ್‌ಗೆ 2.9 ಲೀಟರ್ ಇದ್ದ ಬಳಕೆಯನ್ನು 1.4ಕ್ಕೆ ಇಳಿಸುವುದು ಅದರ ಉದ್ದೇಶ. ಮೆಚ್ಚತಕ್ಕ ಎಂಜಿನಿಯರಿಂಗ್ ಇದು.

ಆದರೆ ಈ ಅಂಕಿ ಕಾರ್ಖಾನೆಯ ಕಾಂಪೌಂಡಿನೊಳಗೇ ಮುಗಿದುಹೋಗುತ್ತದೆ. ಎಸ್‌ಎಬಿ ಮಿಲ್ಲರ್ ಬಿಯರ್ ಕಂಪನಿ ಮತ್ತು ಪ್ರಕೃತಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬಾರ್ಲಿ ಹೊಲದಿಂದ ಹಿಡಿದು ಲೆಕ್ಕ ಹಾಕಿತು. ಆಗ ಒಂದು ಲೀಟರ್ ಬಿಯರ್‌ನ ಹಿಂದಿದ್ದ ನೀರು ಚೆಕ್ ಗಣರಾಜ್ಯದಲ್ಲಿ 45 ಲೀಟರ್, ದಕ್ಷಿಣ ಆಫ್ರಿಕಾದಲ್ಲಿ 155 ಲೀಟರ್. ಎರಡೂ ಕಡೆ ಸಿಂಹಪಾಲು ಬೆಳೆ ಬೆಳೆಯಲು ಹೋದದ್ದು. ಅಂತರಕ್ಕೆ ಕಾರಣ ಹವಾಮಾನ, ನೀರಾವರಿಯ ಮೇಲಿನ ಅವಲಂಬನೆ, ಬೆಳೆ ಯಾವ ನಾಡಿನಿಂದ ಬರುತ್ತದೆ ಎಂಬಂಥವು. ಕಂಪನಿಯೊಂದು ತಾನಾಗಿಯೇ ಇಷ್ಟು ದೊಡ್ಡ ಸಂಖ್ಯೆಗಳನ್ನು ಹೊರಗಿಟ್ಟದ್ದು ಈ ಉದ್ಯಮದ ವರದಿಗಾರಿಕೆಯಲ್ಲಿ ಮಹತ್ವದ ಹೆಜ್ಜೆ. ಮೂರು ಲೀಟರನ್ನು ಎರಡೂವರೆಗೆ ಇಳಿಸಿದೆವು ಎಂಬ ಸಾಲನ್ನು ಎಲ್ಲಿ ಓದಿದರೂ ಈ 155 ನೆನಪಿಗೆ ಬರಬೇಕು.

ಸಂಖ್ಯೆ ಎಷ್ಟೇ ನಿಖರವಾಗಿದ್ದರೂ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ: ಆ ನೀರು ಮೊದಲು ಯಾರದಾಗಿತ್ತು?

ಮೆಕ್ಸಿಕಾಲಿ: ಅರ್ಧದಲ್ಲೇ ನಿಂತ ಕಾರ್ಖಾನೆ

ಮೆಕ್ಸಿಕೊದ ವಾಯವ್ಯ ಮೂಲೆಯಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡ ಮರುಭೂಮಿ ನಗರ ಮೆಕ್ಸಿಕಾಲಿ. ಅಲ್ಲಿನ ನಗರಕ್ಕೂ ಸುತ್ತಲಿನ ಕಣಿವೆಯ ಹೊಲಗಳಿಗೂ ಕೊಲರಾಡೊ ನದಿಯೇ ಆಸರೆ. 1944ರ ಒಪ್ಪಂದದಂತೆ ಅಮೆರಿಕ ಬಿಡುವ ಪಾಲಿನ ಮೇಲೆಯೇ ಅಲ್ಲಿನ ಕೃಷಿ ನಿಂತಿದೆ. ಅಮೆರಿಕದ ಮಾರುಕಟ್ಟೆಗೆ ಕರೋನಾ, ಮೊಡೆಲೊ ಬಿಯರ್ ತಯಾರಿಸುವ ಕಾನ್‌ಸ್ಟಲೇಶನ್ ಬ್ರ್ಯಾಂಡ್ಸ್ ಕಂಪನಿ ಇಂಥ ಊರನ್ನೇ ಆರಿಸಿಕೊಂಡು, ಸುಮಾರು 140 ಕೋಟಿ ಡಾಲರ್ ವೆಚ್ಚದ ಕಾರ್ಖಾನೆ ಕಟ್ಟತೊಡಗಿತು. ರಾಜ್ಯ ಸರ್ಕಾರದ ಬೆಂಬಲವಿತ್ತು, ಉದ್ಯೋಗದ ಭರವಸೆಯಿತ್ತು.

ರೈತರೂ ನಗರದ ನಿವಾಸಿಗಳೂ ಬೀದಿಗಿಳಿದರು. 'ಮೆಕ್ಸಿಕಾಲಿ ರೆಸಿಸ್ತೆ' ಎಂಬ ಹೆಸರಿನಲ್ಲಿ ಚಳವಳಿ ಬೆಳೆಯಿತು. 2018ರ ಜನವರಿಯಲ್ಲಿ ಪೈಪ್‌ಲೈನ್ ಕಾಮಗಾರಿಗೆ ಅಡ್ಡ ನಿಂತವರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಕೊನೆಗೆ ಅಧ್ಯಕ್ಷ ಆಂದ್ರೆಸ್ ಮಾನುಯೆಲ್ ಲೋಪೆಜ್ ಒಬ್ರಡೋರ್ ಸರ್ಕಾರ 2020ರ ಮಾರ್ಚ್ 21 ಮತ್ತು 22ರಂದು ಜನರ ಅಭಿಪ್ರಾಯವನ್ನೇ ಕೇಳಿತು. ಮತ ಹಾಕಿದವರಲ್ಲಿ ಶೇ. 76ರಷ್ಟು ಮಂದಿ ಕಾರ್ಖಾನೆ ಬೇಡವೆಂದರು. ಅಷ್ಟು ಹೊತ್ತಿಗೆ ಕಟ್ಟಡ ಬಹುಪಾಲು ಎದ್ದು ನಿಂತಿತ್ತು. ನೀರಿನ ಅನುಮತಿ ಸಿಗಲಿಲ್ಲ. ಕಂಪನಿ ಸಾವಿರಾರು ಕೋಟಿ ರೂಪಾಯಿಗೆ ಸಮನಾದ ನಷ್ಟವನ್ನು ಲೆಕ್ಕಪುಸ್ತಕದಲ್ಲಿ ತೋರಿಸಬೇಕಾಯಿತು. ಮುಂದೆ ಅದು ಹೊಸ ಕಾರ್ಖಾನೆಗೆ ಆರಿಸಿಕೊಂಡದ್ದು ನೀರು ಸಾಕಷ್ಟಿರುವ ಆಗ್ನೇಯದ ವೆರಾಕ್ರೂಜ್ ರಾಜ್ಯವನ್ನು.

ಈ ಮತದಾನಕ್ಕೆ ಬಂದವರು ಮತದಾರರಲ್ಲಿ ಸಣ್ಣ ಪಾಲು ಎಂದು ಉದ್ಯಮ ಸಂಘಟನೆಗಳು ಆಕ್ಷೇಪಿಸಿದವು. ಆಕ್ಷೇಪಕ್ಕೆ ಆಧಾರವಿದೆ. ಹಣ ಹೂಡಿಯಾದ ಮೇಲೆ ಅವಸರದಲ್ಲಿ ಜನಾಭಿಪ್ರಾಯ ಕೇಳುವುದು ಒಳ್ಳೆಯ ಸಂವಾದದ ಮಾದರಿಯೂ ಅಲ್ಲ. ಆದರೆ ಅಡಿಗಲ್ಲು ಹಾಕುವ ಮೊದಲೇ ಕಣಿವೆಯ ರೈತರನ್ನು ಕೂರಿಸಿಕೊಂಡು ನದಿಯ ಲೆಕ್ಕ ಬಿಚ್ಚಿಟ್ಟಿದ್ದರೆ, ಬೇಡ ಎಂಬ ಮಾತು ಕಾಂಕ್ರೀಟ್ ಸುರಿಯುವ ಮುಂಚೆಯೇ ಕೇಳಿಸುತ್ತಿತ್ತು.

ಬುಕಾವು: ತಡವಾಗಿ ಕೇಳಿಸಿದ ದೂರು

ಸಂವಾದ ನೀರಿನ ವಿಷಯಕ್ಕೆ ಸೀಮಿತವಲ್ಲ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವ ಭಾಗದ ಬುಕಾವು ಪಟ್ಟಣದಲ್ಲಿ ನೆದರ್‌ಲ್ಯಾಂಡ್ಸ್‌ನ ಹೈನೆಕೆನ್‌ನ ಅಂಗಸಂಸ್ಥೆ ಬ್ರಾಲಿಮಾದ ಕಾರ್ಖಾನೆಯಿತ್ತು. ಅಂತರ್ಯುದ್ಧದ ದಿನಗಳಲ್ಲಿ, 1999ರಿಂದ 2003ರ ನಡುವೆ, ತಮ್ಮನ್ನು ಅನ್ಯಾಯವಾಗಿ ಕೆಲಸದಿಂದ ತೆಗೆಯಲಾಯಿತೆಂದು 168 ಮಾಜಿ ಕಾರ್ಮಿಕರು ಹೇಳುತ್ತ ಬಂದರು. 2015ರಲ್ಲಿ ಅವರ ದೂರು ಡಚ್ ಸರ್ಕಾರದ ರಾಷ್ಟ್ರೀಯ ಸಂಪರ್ಕ ಕೇಂದ್ರಕ್ಕೆ ತಲುಪಿತು. ಬಹುರಾಷ್ಟ್ರೀಯ ಕಂಪನಿಗಳ ನಡವಳಿಕೆ ಕುರಿತ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ಮಾರ್ಗಸೂಚಿಗೆ ಸಂಬಂಧಿಸಿದ ದೂರುಗಳಲ್ಲಿ ಮಧ್ಯಸ್ಥಿಕೆ ವಹಿಸುವುದು ಈ ಕೇಂದ್ರದ ಕೆಲಸ. ಅದು ನ್ಯಾಯಾಲಯವಲ್ಲ, ಶಿಕ್ಷೆ ಕೊಡಲಾರದು. ಆದರೂ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿತು. 2017ರ ಆಗಸ್ಟ್‌ನಲ್ಲಿ ರಾಜಿ ಆಯಿತು. ಕಲಹಪೀಡಿತ ನಾಡುಗಳಲ್ಲಿ ವ್ಯವಹಾರ ಹೇಗೆ ನಡೆಸಬೇಕೆಂಬ ನೀತಿಯನ್ನು ರೂಪಿಸುವುದಾಗಿಯೂ ಹೈನೆಕೆನ್ ಒಪ್ಪಿತು. ಒಂದೂವರೆ ದಶಕ ಕಾದವರ ಮಾತು ಕಂಪನಿಯ ನೀತಿಯೊಳಗೆ ಇಳಿಯಿತು.

ಭಾರತದ ನಿಯಮ, ಕರ್ನಾಟಕದ ಕಾರ್ಖಾನೆ

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. 1915ರಲ್ಲಿ ಶುರುವಾದ ಯುನೈಟೆಡ್ ಬ್ರೂವರೀಸ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ, ಕಾರ್ಖಾನೆ ನಂಜನಗೂಡಿನಲ್ಲೂ ಇದೆ. 2021ರಲ್ಲಿ ಹೈನೆಕೆನ್ ಇದರ ಬಹುಪಾಲು ಷೇರುಗಳ ಒಡೆತನ ಪಡೆಯಿತು.

ಷೇರುಪೇಟೆ ನಿಯಂತ್ರಕ ಸೆಬಿ 2012ರಲ್ಲಿ ಅತಿ ದೊಡ್ಡ 100 ಕಂಪನಿಗಳಿಗೆ ವ್ಯವಹಾರ ಜವಾಬ್ದಾರಿ ವರದಿಯನ್ನು ಕಡ್ಡಾಯ ಮಾಡಿತ್ತು. 2021ರಲ್ಲಿ ಅದರ ಬದಲಿಗೆ ವಿಸ್ತಾರವಾದ 'ಬಿಆರ್‌ಎಸ್‌ಆರ್' (ವ್ಯವಹಾರ ಜವಾಬ್ದಾರಿ ಮತ್ತು ಸುಸ್ಥಿರತಾ ವರದಿ) ನಮೂನೆ ಬಂತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ 2022–23ರಿಂದ ಇದು ಕಡ್ಡಾಯ. ಅದರ ಒಂಬತ್ತು ತತ್ವಗಳಲ್ಲಿ ನಾಲ್ಕನೆಯದು ಭಾಗೀದಾರರದು, ಆರನೆಯದು ಪರಿಸರದ್ದು. ನದಿಯಿಂದ ಎಷ್ಟು, ಅಂತರ್ಜಲದಿಂದ ಎಷ್ಟು ನೀರೆತ್ತಿದಿರಿ, ಊರಿನವರಿಂದ ಎಷ್ಟು ದೂರು ಬಂದವು, ಎಷ್ಟು ಬಾಕಿ ಉಳಿದವು ಎಂದು ನಮೂನೆ ಕೇಳುತ್ತದೆ. ಯಾವ ಗುಂಪಿನೊಂದಿಗೆ ಯಾವ ಮಾರ್ಗದಲ್ಲಿ, ಎಷ್ಟು ಸಲ ಮಾತಾಡಿದಿರಿ ಎಂಬುದಕ್ಕೂ ಕೋಷ್ಟಕವಿದೆ.

ನಮೂನೆಯ ಪ್ರಶ್ನೆಗಳು ಎರಡು ಬಗೆ: ಉತ್ತರಿಸಲೇಬೇಕಾದವು, ಇಷ್ಟವಿದ್ದರೆ ಉತ್ತರಿಸಬಹುದಾದವು. ಜನರು ಹೇಳಿದ್ದನ್ನು ಕಂಪನಿ ತನ್ನ ನೀತಿ, ಕೆಲಸಗಳಲ್ಲಿ ಹೇಗೆ ಅಳವಡಿಸಿಕೊಂಡಿತು ಎಂಬ ಪ್ರಶ್ನೆ ಎರಡನೆಯ ಗುಂಪಿಗೆ ಸೇರಿದೆ. ನೀರಿನ ಅಭಾವವಿರುವ ಪ್ರದೇಶದ ಪ್ರತಿ ಕಾರ್ಖಾನೆಯ ಬಳಕೆಯನ್ನು ಬಿಡಿಬಿಡಿಯಾಗಿ ಹೇಳಿ ಎಂಬ ಪ್ರಶ್ನೆಯೂ ಅಲ್ಲಿಯೇ. ಇಡೀ ದೇಶದ ಒಟ್ಟು ಅಂಕಿಯಿಂದ ಒಂದು ತಾಲೂಕಿನ ಕೊಳವೆಬಾವಿಯ ಸ್ಥಿತಿ ತಿಳಿಯುವಂತಿಲ್ಲ. ನೀರೇ ಕಚ್ಚಾವಸ್ತುವಾದ ಉದ್ಯಮಕ್ಕಾದರೂ ಸೆಬಿ ಈ ಎರಡು ಪ್ರಶ್ನೆಗಳನ್ನು ಕಡ್ಡಾಯದ ಪಟ್ಟಿಗೆ ತರಬೇಕು. ಅಲ್ಲಿಯವರೆಗೆ ಯಾವುದೇ ಬಿಯರ್ ಕಂಪನಿಯ ವರದಿ ಕೈಗೆ ಬಂದರೆ ನೇರವಾಗಿ ಆ ಪುಟಗಳಿಗೇ ಹೋಗಿ, ಅಲ್ಲಿ ಊರಿನ ಹೆಸರೂ ನೀರಿನ ಅಳತೆಯೂ ಬರೆದಿವೆಯೇ ಎಂದು ನೋಡಬಹುದು.