ಗುಣಾಕಾರದ ಹಂಗಿಲ್ಲದೆ

1024 ಮಾದರಿಗಳ ಒಂದು ಸಂಕೇತದಲ್ಲಿ ಯಾವ್ಯಾವ ಕಂಪನಾಂಕಗಳು ಅಡಗಿವೆ ಎಂದು ನೇರ ದಾರಿಯಲ್ಲಿ ಲೆಕ್ಕ ಹಾಕಲು ಹೊರಟರೆ ಹತ್ತು ಲಕ್ಷಕ್ಕೂ ಮಿಕ್ಕಿ ಗುಣಾಕಾರ ಬೇಕು. 1965ರಲ್ಲಿ ಜೇಮ್ಸ್ ಕೂಲಿ, ಜಾನ್ ಟುಕಿ ಪ್ರಕಟಿಸಿದ ಎಫ್‌ಎಫ್‌ಟಿ, ಅಂದರೆ ಫೂರಿಯೆ ಪರಿವರ್ತನೆಯ ವೇಗದ ವಿಧಾನ, ಅದನ್ನು 5120ಕ್ಕೆ ಇಳಿಸಿತು. ಕೂಲಿಗೆ ಈ ಕೆಲಸ ಒಪ್ಪಿಸಿದ ಭೌತವಿಜ್ಞಾನಿ ರಿಚರ್ಡ್ ಗಾರ್ವಿನ್, ಇದು ಹೀಲಿಯಂ-3 ಹರಳಿನ ಅಧ್ಯಯನಕ್ಕೆ ಅಂದಿದ್ದರಂತೆ. ಆದರೆ ಅವರ ಕಣ್ಣಿದ್ದದ್ದು ಸೋವಿಯತ್ ಅಣುಪರೀಕ್ಷೆಗಳ ಪತ್ತೆಯ ಮೇಲೆ! ಎಫ್‌ಎಫ್‌ಟಿಯ ಇದೇ ಜಾಡನ್ನು ಗಣಿತಜ್ಞ ಗೌಸ್ 1805ರ ಸುಮಾರಿಗೇ ಹಿಡಿದಿದ್ದ ಎಂಬುದು ಗೊತ್ತಾದದ್ದು ಆಮೇಲೆ.

ಎಫ್‌ಎಫ್‌ಟಿಯ ಮೂಲ ಹೆಜ್ಜೆ ಇದು: ಎರಡು ಸಂಖ್ಯೆ ತೆಗೆದುಕೊಳ್ಳಬೇಕು, ಒಂದನ್ನು ನಿಗದಿತ ಕೋನಕ್ಕೆ ತಿರುಗಿಸಬೇಕು, ನಂತರ ಎರಡನ್ನೂ ಕೂಡಿ, ಕಳೆಯಬೇಕು. ಈ ಕ್ರಿಯೆಗೆ ಬಟರ್‌ಫ್ಲೈ ಎನ್ನುತ್ತಾರೆ. ತೊಡಕಿರುವುದು ತಿರುಗಿಸುವುದರಲ್ಲೇ, ಏಕೆಂದರೆ ಅದು ಗುಣಾಕಾರ.

ಈ ಗುಣಾಕಾರವನ್ನು ಚಿಪ್‌ನೊಳಗೆ ಕೂರಿಸುವುದು ಸುಲಭವಿರಲಿಲ್ಲ. 1985ರಲ್ಲಿ ಝೈಲಿಂಕ್ಸ್ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಎಫ್‌ಪಿಜಿಎ, ಅಂದರೆ ಕೊಂಡವರೇ ಒಳಜೋಡಣೆ ಬದಲಿಸಬಹುದಾದ ಚಿಪ್‌ನಲ್ಲಿ ಇದ್ದದ್ದು 64 ತರ್ಕಕೋಶಗಳು. 16 ಬಿಟ್‌ನ ಎರಡು ಸಂಖ್ಯೆಗಳನ್ನು ಒಂದೇ ಏಟಿಗೆ ಗುಣಿಸುವ ಮಂಡಲ ಅದರಲ್ಲಿ ಹಿಡಿಸುವ ಮಾತೇ ಇರಲಿಲ್ಲ. ಚಿಪ್‌ಗಳು ದೊಡ್ಡದಾದ ಮೇಲೂ ಗುಣಕ ದುಬಾರಿಯಾಗಿಯೇ ಉಳಿಯಿತು.

ಆಗ ಕೈಹಿಡಿದದ್ದು ಬಿ-58 ಬಾಂಬರ್ ವಿಮಾನದ ದಿಕ್ಕು ಲೆಕ್ಕಕ್ಕಾಗಿ ಜ್ಯಾಕ್ ವೋಲ್ಡರ್ ರೂಪಿಸಿ, 1959ರಲ್ಲಿ ಪ್ರಕಟಿಸಿದ್ದ ಕಾರ್ಡಿಕ್ ವಿಧಾನ. ಬೇಕಾದ ಕೋನಕ್ಕೆ ಒಮ್ಮೆಲೇ ತಿರುಗುವ ಬದಲು 45 ಡಿಗ್ರಿ, ಆಮೇಲೆ 26.6, ಆಮೇಲೆ 14 ಹೀಗೆ ಹಿಂದಕ್ಕೋ ಮುಂದಕ್ಕೋ ತಿರುಗುತ್ತ ಗುರಿ ಸೇರುವುದು. ಪ್ರತಿ ಹೆಜ್ಜೆಗೂ ಬಿಟ್‌ಗಳನ್ನು ಪಕ್ಕಕ್ಕೆ ಸರಿಸಿ ಕೂಡಿದರೆ ಅಥವಾ ಕಳೆದರೆ ಸಾಕು, ಗುಣಾಕಾರದ ಗೊಡವೆಯಿಲ್ಲ. ಹಾಗೆಂದು ಪುಕ್ಕಟೆಯಲ್ಲ: ಕೊನೆಗೆ ಉತ್ತರ ಸುಮಾರು 1.647 ಪಟ್ಟು ಹಿಗ್ಗಿರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು.

ಈ ಶತಮಾನದ ಆರಂಭದಲ್ಲಿ ಝೈಲಿಂಕ್ಸ್‌ನದೇ ವರ್ಟೆಕ್ಸ್-2 ಚಿಪ್‌ಗಳು 18 ಬಿಟ್‌ನ ಗುಣಕಗಳನ್ನು ಸಿದ್ಧರೂಪದಲ್ಲಿ ಒಳಗೇ ಹೊತ್ತು ಬಂದವು. ಜಾಣತನದ ಜಾಗ ಬದಲಾಯಿತು. ಈಗ ಚಿಂತೆ ಸ್ಮೃತಿಯದು: ಎಂಟು ಮಾದರಿಗಳನ್ನು ಸಾಲಾಗಿ ಕೊಟ್ಟರೆ ಉತ್ತರಗಳು 0, 4, 2, 6, 1, 5, 3, 7 ಎಂದು ಕಲೆಸಿಕೊಂಡು ಬರುತ್ತವೆ. ಅವನ್ನು ಸಾಲಿಗೆ ತರಲು ಕಾಯಬೇಕು, ಕಾಯಲು ಸ್ಮೃತಿ ಬೇಕು.

ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ರೇಡಿಯೊ ದೂರದರ್ಶಕದ ಡಿಜಿಟಲ್ ಗ್ರಾಹಕಗಳಲ್ಲಿ ಎಫ್‌ಪಿಜಿಎ ಮೇಲೆ ಎಫ್‌ಎಫ್‌ಟಿ ನಡೆಸುವ ಈ ಕಸುಬು ಕಾಣುತ್ತದೆ. ಅವುಗಳ ನಿರ್ಮಾಣದಲ್ಲಿ ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯದು ದೊಡ್ಡ ಪಾಲು. ಬಯಲಲ್ಲೇ ನಿಂತ ಈ ಪೆಟ್ಟಿಗೆಗಳು ಆಕಾಶದ ಸಂಕೇತವನ್ನು ಸೆಕೆಂಡಿಗೆ 65.5 ಕೋಟಿ ಬಾರಿ ಅಳೆಯುತ್ತವೆ. ಅವುಗಳೊಳಗಿನ ಎಫ್‌ಪಿಜಿಎಗಳು ಅದನ್ನು 1.28 ಮೆಗಾಹರ್ಟ್ಸ್ ಅಗಲದ 256 ಪಟ್ಟಿಗಳಾಗಿ ಸೀಳುತ್ತವೆ. ಮುಂದಿನ ಲೆಕ್ಕಕ್ಕೆ ಫೈಬರ್ ಹತ್ತುವುದು ಅವುಗಳಲ್ಲಿ 24 ಮಾತ್ರ.