ಭೋಪಾಲದ ಆ ರಾತ್ರಿಯ ತಪ್ಪು ಯಾರದು?

ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದರೆ, ಅನಿಲ ಸೋರಿದರೆ ಮರುದಿನ ನಾವು ಓದುವ ವಿವರಣೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: 'ಕಾರ್ಮಿಕರ ನಿರ್ಲಕ್ಷ್ಯ'. ತನಿಖೆ ಆರಂಭವಾಗುವ ಮುನ್ನವೇ ತೀರ್ಪು ಹೊರಬಿದ್ದಿರುತ್ತದೆ. ಸತ್ತವನು ಉತ್ತರ ಕೊಡುವುದಿಲ್ಲ, ಬದುಕುಳಿದವನಿಗೆ ಕೆಲಸ ಕಳೆದುಕೊಳ್ಳುವ ಭಯ. ಈ ವಿವರಣೆ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಮರೆಮಾಚುತ್ತದೆ ಎಂಬುದನ್ನು ತಿಳಿಯಲು ನಾವು ಮತ್ತೊಮ್ಮೆ ಭೋಪಾಲದ ಕಡೆಗೆ ತಿರುಗಿ ನೋಡಬೇಕು.

1984ರ ಡಿಸೆಂಬರ್ 2ರ ರಾತ್ರಿ. ಯೂನಿಯನ್ ಕಾರ್ಬೈಡ್‌ನ ಕೀಟನಾಶಕ ಕಾರ್ಖಾನೆಯಲ್ಲಿ 610 ಎಂಬ ಸಂಖ್ಯೆಯ ಟ್ಯಾಂಕಿನಲ್ಲಿ 40 ಟನ್ನಿಗೂ ಹೆಚ್ಚು ಮೀಥೈಲ್ ಐಸೋಸಯನೇಟ್ ತುಂಬಿತ್ತು. ನೀರು ತಗುಲಿದರೆ ಕುದಿದೇಳುವ ದ್ರವ ಅದು. ಹೇಗೋ ಅದಕ್ಕೆ ನೀರು ಸೇರಿತು. ರಾತ್ರಿ ಹನ್ನೊಂದರ ಹೊತ್ತಿಗೆ ಟ್ಯಾಂಕಿನ ಒತ್ತಡ 2ರಿಂದ 10 ಪಿಎಸ್‌ಐಗೆ ಏರಿದ್ದನ್ನು ನಿಯಂತ್ರಣ ಕೊಠಡಿಯ ನೌಕರ ಕಂಡ. ಅದು ಅಪಾಯದ ಅಂಕಿಯೇನಲ್ಲವಾದ್ದರಿಂದ ಆತ ಗಾಬರಿಯಾಗಲಿಲ್ಲ. ಹನ್ನೊಂದೂವರೆಗೆ ಕೆಲಸಗಾರರ ಕಣ್ಣು ಉರಿಯತೊಡಗಿತು. ಎಲ್ಲೋ ಸಣ್ಣ ಸೋರಿಕೆ ಇದೆಯೆಂದು ಮೇಲಿನವರಿಗೆ ತಿಳಿಸಲಾಯಿತು. ಚಹಾದ ಬಿಡುವಿನ ನಂತರ ನೋಡೋಣ ಎಂದು ತೀರ್ಮಾನವಾಯಿತು. ಚಹಾ ಮುಗಿಯುವಷ್ಟರಲ್ಲಿ ಟ್ಯಾಂಕಿನ ಮೇಲಿನ ಕಾಂಕ್ರೀಟು ನಡುಗುತ್ತಿತ್ತು. ಒಂದು ಗಂಟೆಯ ಹೊತ್ತಿಗೆ ವಿಷಾನಿಲ ನಿದ್ದೆಯಲ್ಲಿದ್ದ ಬಡವರ ಬಸ್ತಿಗಳನ್ನು ಹೊಕ್ಕಿತ್ತು.

ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅಪರಾಧಿ ಸುಲಭವಾಗಿ ಸಿಗುತ್ತಾನೆ: ಚಹಾ ಕುಡಿಯುತ್ತಾ ಕುಳಿತ ಕಾರ್ಮಿಕ. ಕಂಪೆನಿಯಂತೂ ಇನ್ನೂ ಮುಂದೆ ಹೋಗಿ, ಅತೃಪ್ತ ನೌಕರನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟನೆಂದು ವಾದಿಸಿತು. ಕಾರ್ಮಿಕರು ಹೇಳುವುದು ಬೇರೆ. ಆ ಸಂಜೆ ಕೊಳವೆಗಳನ್ನು ನೀರಿನಿಂದ ತೊಳೆಯುವ ಕೆಲಸ ನಡೆದಿತ್ತು. ನೀರು ಮುಂದಕ್ಕೆ ಹರಿಯದಂತೆ ಕೊಳವೆಯ ನಡುವೆ ಹಾಕಬೇಕಾದ ಲೋಹದ ತಡೆಬಿಲ್ಲೆಯನ್ನು ಹಾಕಿರಲಿಲ್ಲ. ಅದನ್ನು ಹಾಕಿಸಬೇಕಾದದ್ದು ದುರಸ್ತಿ ವಿಭಾಗ. ಆ ವಿಭಾಗದ ಪಾಳಿ ಮೇಲ್ವಿಚಾರಕನ ಹುದ್ದೆಯನ್ನೇ ಕೆಲವು ದಿನಗಳ ಹಿಂದೆ ತೆಗೆದುಹಾಕಲಾಗಿತ್ತು.

ನೀರು ಯಾವ ದಾರಿಯಿಂದ ಬಂತೆಂಬ ವಾದ ಏನೇ ಇರಲಿ. ಒಂದು ಪ್ರಶ್ನೆಗೆ ಎರಡೂ ಕಡೆಯವರು ಉತ್ತರಿಸಬೇಕಾಗುತ್ತದೆ. ನೀರು ಹೊಕ್ಕ ಮೇಲೆ ಅನಿಲವನ್ನು ತಡೆಯಲೆಂದೇ ಇದ್ದ ವ್ಯವಸ್ಥೆಗಳು ಎಲ್ಲಿದ್ದವು?

ದ್ರವವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಾದ ಶೀತಲ ಯಂತ್ರವನ್ನು 1984ರ ಜೂನ್‌ನಲ್ಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ತೊಳೆದು ನಿರುಪದ್ರವಿಯಾಗಿಸಬೇಕಾದ ಸ್ಕ್ರಬ್ಬರ್ ಕಾರ್ಯನಿರತವಾಗಿರಲಿಲ್ಲ. ಅನಿಲವನ್ನು ಉರಿಸಿಬಿಡುವ ಗೋಪುರಕ್ಕೆ ಹೋಗುವ ಕೊಳವೆಯ ಒಂದು ತುಂಡನ್ನು ದುರಸ್ತಿಗೆಂದು ಕಳಚಿಡಲಾಗಿತ್ತು. ನೀರಿನ ಫಿರಂಗಿಗಳನ್ನು ಹಾರಿಸಿದರು, ಅನಿಲ ಹೊರಬರುತ್ತಿದ್ದ ಎತ್ತರಕ್ಕೆ ಆ ನೀರು ಮುಟ್ಟಲಿಲ್ಲ. ತುರ್ತಿಗೆಂದು ಖಾಲಿ ಇಡಬೇಕಾಗಿದ್ದ ಟ್ಯಾಂಕೂ ಖಾಲಿ ಇರಲಿಲ್ಲ. ಊರಿಗೆ ಎಚ್ಚರಿಕೆ ಕೊಡಬೇಕಾದ ಸೈರನ್ ಕೆಲವೇ ನಿಮಿಷ ಕೂಗಿ ಮೌನವಾಯಿತು.

ಇವುಗಳಲ್ಲಿ ಯಾವುದನ್ನೂ ರಾತ್ರಿ ಪಾಳಿಯ ಕಾರ್ಮಿಕ ನಿರ್ಧರಿಸಿದ್ದಲ್ಲ. ಕೀಟನಾಶಕದ ಮಾರಾಟ ಕುಸಿದು ಕಾರ್ಖಾನೆ ನಷ್ಟದಲ್ಲಿತ್ತು. ಉಳಿತಾಯದ ಕತ್ತರಿ ಮೊದಲು ಬಿದ್ದದ್ದು ಸುರಕ್ಷತೆಯ ಮೇಲೆ. ಈ ಘಟಕದ ಒಂದು ಪಾಳಿಯಲ್ಲಿ 12 ಮಂದಿ ಇದ್ದ ಜಾಗದಲ್ಲಿ 6 ಮಂದಿ ಉಳಿದರು. ತರಬೇತಿಯ ಅವಧಿ ಕುಗ್ಗಿತು. ಹಿಂದಿ ಬಲ್ಲ ಕೆಲಸಗಾರರ ಕೈಗೆ ಇಂಗ್ಲಿಷಿನ ಕೈಪಿಡಿ ಬಂತು. ಮಾಪಕಗಳು ಕೆಟ್ಟು ಸುಳ್ಳು ಅಂಕಿ ತೋರಿಸುವುದು ಮಾಮೂಲಾಗಿದ್ದ ಕಡೆ ಅವುಗಳನ್ನು ನಂಬುವವರು ಯಾರು? ಕಣ್ಣುರಿಯೇ ಅವರಿಗೆ ಮಾಪಕವಾಗಿತ್ತು. ಕಣ್ಣುರಿ ದಿನನಿತ್ಯದ ಮಾತಾಗಿದ್ದಲ್ಲಿ ಒಂದು ಲೋಟ ಚಹಾಕ್ಕೆ ಕಾದದ್ದನ್ನು ನಾವು ಸೋಮಾರಿತನ ಎನ್ನಲಾರೆವು.

ಎಚ್ಚರಿಸಿದವರು ಇರಲಿಲ್ಲವೇ? ಇದ್ದರು. 1981ರ ಡಿಸೆಂಬರ್‌ನಲ್ಲಿ ಇದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಸಿಕ್ಕಿ ಕಾರ್ಮಿಕನೊಬ್ಬ ಸತ್ತ. ಕಾರ್ಮಿಕ ಸಂಘದವರು ಪ್ರತಿಭಟಿಸಿದರು. 1982ರ ಮೇ ತಿಂಗಳಲ್ಲಿ ಕಂಪೆನಿಯೇ ಅಮೆರಿಕದಿಂದ ಕಳುಹಿಸಿದ ತಜ್ಞರು ಹತ್ತಾರು ಅಪಾಯಗಳನ್ನು ಪಟ್ಟಿ ಮಾಡಿ ಕೊಟ್ಟರು. ಸತ್ತ ಕಾರ್ಮಿಕನನ್ನು ಬಲ್ಲವರಾಗಿದ್ದ ಸ್ಥಳೀಯ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆ 'ರಪಟ್'ನಲ್ಲಿ 1982ರಲ್ಲಿ ಸರಣಿ ಲೇಖನ ಬರೆದು, ಊರು ಜ್ವಾಲಾಮುಖಿಯ ಬಾಯಲ್ಲಿ ಕುಳಿತಿದೆಯೆಂದು ಸಾರಿದರು. 1984ರ ಜೂನ್‌ನಲ್ಲಿ 'ಜನಸತ್ತಾ'ದಲ್ಲೂ ಬರೆದರು. ಸರ್ಕಾರಕ್ಕಾಗಲಿ ಕಂಪೆನಿಗಾಗಲಿ ಅದು ಕೇಳಿಸಲಿಲ್ಲ. ಆರು ತಿಂಗಳಲ್ಲಿ ಅವರ ಮಾತು ನಿಜವಾಯಿತು.

ಸರ್ಕಾರದ ಮೊದಲ ಲೆಕ್ಕದಲ್ಲಿ ಸತ್ತವರು 2,259. ನಂತರ ಪರಿಹಾರದ ದಾಖಲೆಗಳಲ್ಲಿ ಅದು 5,295ಕ್ಕೆ ಏರಿತು. ಸಂತ್ರಸ್ತರ ಸಂಘಟನೆಗಳು ಹೇಳುವ ಸಂಖ್ಯೆ ಅದಕ್ಕಿಂತಲೂ ಹಲವು ಪಟ್ಟು ದೊಡ್ಡದು. ಐದು ಲಕ್ಷಕ್ಕೂ ಹೆಚ್ಚು ಜನ ಗಾಯಗೊಂಡವರ ಪಟ್ಟಿಯಲ್ಲಿದ್ದಾರೆ. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. 2010ರ ಜೂನ್ 7ರಂದು, ಇಪ್ಪತ್ತೈದು ವರ್ಷಗಳ ನಂತರ, ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸಜೆಯಾಯಿತು. ಜಾಮೀನೂ ಅಂದೇ ಸಿಕ್ಕಿತು. ಮಾತೃ ಕಂಪೆನಿಯ ಅಧ್ಯಕ್ಷರಾಗಿದ್ದ ವಾರೆನ್ ಆಂಡರ್ಸನ್ ಒಮ್ಮೆಯೂ ವಿಚಾರಣೆ ಎದುರಿಸದೆ 2014ರಲ್ಲಿ ತೀರಿಕೊಂಡರು.

ಭೋಪಾಲದ ನಂತರ ಜಗತ್ತು ಈ ವಿಷಯವನ್ನು ಬೇರೆ ರೀತಿಯಲ್ಲಿ ಯೋಚಿಸತೊಡಗಿತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರಲ್ಲಿ ಮಾನವ ದೋಷದ ಬಗ್ಗೆ ಬರೆದ ಪುಸ್ತಕದಲ್ಲಿ ಭೋಪಾಲವೂ ಒಂದು ಉದಾಹರಣೆ. ಕೊನೆಯ ಕ್ಷಣದಲ್ಲಿ ಕೈತಪ್ಪುವುದು ಒಂದು ಬಗೆಯ ದೋಷ. ಆಡಳಿತ ಮಂಡಳಿಯ ಕೊಠಡಿಯಲ್ಲಿ ಹುಟ್ಟಿ, ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಮಲಗಿರುವುದು ಇನ್ನೊಂದು ಬಗೆ. ಮೊದಲನೆಯದು ಎರಡನೆಯದನ್ನು ಎಬ್ಬಿಸುತ್ತದೆ ಎಂಬುದು ಅವರ ವಾದದ ತಿರುಳು. ಮನುಷ್ಯ ತಪ್ಪುತ್ತಾನೆ, ಇದು ಎಲ್ಲರಿಗೂ ಗೊತ್ತು. ಹಾಗಾಗಿಯೇ ಒಬ್ಬನ ತಪ್ಪು ಊರನ್ನು ಕೊಲ್ಲದಂತೆ ತಡೆಗಳನ್ನು ಕಟ್ಟಬೇಕು, ಕಟ್ಟಿದ್ದನ್ನು ಕಾಪಾಡಬೇಕು.

ನಮ್ಮ ಕಾನೂನೂ ಸ್ವಲ್ಪ ಎಚ್ಚೆತ್ತುಕೊಂಡಿತು. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಮ್ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪಾಯಕಾರಿ ಉದ್ಯಮ ನಡೆಸುವವರು ಹಾನಿಗೆ ಯಾವ ನೆಪವನ್ನೂ ಹೇಳದೆ ಹೊಣೆಯಾಗಬೇಕೆಂದು ತೀರ್ಪಿತ್ತಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಸ್ಥಾನ ಮತ್ತು ಎದುರಿಗಿರುವ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕು ದೊರೆಯಿತು.

ಆದರೆ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಹೊರಬಿದ್ದು ಹನ್ನೆರಡು ಮಂದಿ ಸತ್ತರು. ಕಾರ್ಖಾನೆಯ 36 ಕಡೆಗಳಿಂದ ಮೊಳಗಿಸಬಹುದಾಗಿದ್ದ ಸೈರನ್ ಆಗಲೂ ಮೊಳಗಲಿಲ್ಲವೆಂದು ತನಿಖಾ ಸಮಿತಿ ಕಂಡುಕೊಂಡಿತು. ಕಾನೂನು ಪುಸ್ತಕದಲ್ಲಿತ್ತು, ಜನ ನಿದ್ದೆಯಲ್ಲಿದ್ದರು.

ಭೋಪಾಲದ ಕಾರ್ಖಾನೆಯಲ್ಲಿ ಉಳಿದಿದ್ದ ಸುಮಾರು 337 ಟನ್ ವಿಷತ್ಯಾಜ್ಯವನ್ನು ಅಲ್ಲಿಂದ ಸಾಗಿಸಲು 2025ರ ಜನವರಿ ಬರಬೇಕಾಯಿತು. ನಮ್ಮೂರಿನ ಸುತ್ತಲೂ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವವರು ನಮ್ಮವರೇ. 'ಅಲ್ಲಿ ವಾಲ್ವ್ ಸೋರುತ್ತಿದೆ, ಹೇಳಿದರೆ ಯಾರೂ ಕೇಳುವುದಿಲ್ಲ' ಎಂದು ಅವರಲ್ಲೊಬ್ಬರು ಮನೆಗೆ ಬಂದು ಹೇಳಿದರೆ, ಆ ಮಾತನ್ನು ಮಾಲೀಕರ, ಅಧಿಕಾರಿಗಳ, ಪತ್ರಿಕೆಗಳ ಬಾಗಿಲಿಗೆ ಮುಟ್ಟಿಸುವ ಕೆಲಸ ನಮ್ಮದೂ ಹೌದು. ಕೇಸ್ವಾನಿಯವರ ಮಾತನ್ನು ಕೇಳಲು ಭೋಪಾಲಕ್ಕೆ ಎರಡು ವರ್ಷಗಳ ಕಾಲಾವಕಾಶವಿತ್ತು.